ಓಹಾಯೋದ ಮಾಜಿ ಸೆನೆಟರ್ ರಾಬ್ ಪೋರ್ಟ್‌ಮನ್ ತಂದ ಓಪಿಯಾಯ್ಡ್ ಕಾನೂನುಗಳು: ನಿಜಕ್ಕೂ ಕೆಲಸ ಮಾಡಿದವಾ?

ಮಾತ್ರೆಡಬ್ಬಿ:

ಹೋದ ತಿಂಗಳು ಶಿವಮೊಗ್ಗದಿಂದ ಅಣ್ಣ ಬಂದಿದ್ದ. ನಾನು ಸಿನ್ಸಿನಾಟಿ ಹತ್ತಿರ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಅಂಗಡಿ ನೋಡಲು ಬಂದವನು ಕೌಂಟರ್ ಪಕ್ಕದಲ್ಲಿದ್ದ ನಾರ್ಕನ್ ಡಬ್ಬಿ ಎತ್ತಿಕೊಂಡು, "ಇದೇನೋ, ನೆಗಡಿಗೆ ಹಾಕೋ ಸ್ಪ್ರೇನಾ?" ಅಂದ. ಅಲ್ಲ, ಓಪಿಯಾಯ್ಡ್, ಅಂದರೆ ಹೆರಾಯಿನ್, ಕೆಲವು ನೋವಿನ ಮಾತ್ರೆಗಳಂಥವು, ಜಾಸ್ತಿಯಾಗಿ ಉಸಿರು ನಿಲ್ಲುತ್ತಿರುವವರ ಮೂಗಿಗೆ ಹೊಡೆಯುವುದು ಅಂದೆ. ಡಬ್ಬಿಯನ್ನು ಮೆಲ್ಲಗೆ ಅಲ್ಲೇ ಇಟ್ಟ. ರಾತ್ರಿ ಊಟಕ್ಕೆ ಕೂತಾಗ ಕೇಳಿದ: "ಇಷ್ಟು ದುಡ್ಡಿರುವ ದೇಶ. ನಿಮ್ಮ ಎಂಪಿಗಳು ಏನು ಮಾಡುತ್ತಿದ್ದರು?"

ನನ್ನ ಉತ್ತರ ಉದ್ದವಾಯಿತು. ಅಣ್ಣ ಅರ್ಧಕ್ಕೇ ಮಲಗಲು ಹೋದ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಓಹಾಯೋದಲ್ಲಿ ಈ ಪ್ರಶ್ನೆ ಬಂದರೆ ಮೊದಲು ನೆನಪಾಗುವ ಹೆಸರು ರಾಬ್ ಪೋರ್ಟ್‌ಮನ್. ರಿಪಬ್ಲಿಕನ್. 1993ರಿಂದ 2005ರವರೆಗೆ ಸಿನ್ಸಿನಾಟಿ ಕಡೆಯಿಂದ ಕೆಳಮನೆಯಲ್ಲಿದ್ದರು. 2011ರಿಂದ 2023ರ ಜನವರಿವರೆಗೆ ಸೆನೆಟ್‌ನಲ್ಲಿದ್ದರು. ಅವರು ಕೆಳಮನೆಗೆ ಹೊಸದಾಗಿ ಗೆದ್ದಿದ್ದ ದಿನಗಳಲ್ಲಿ ಒಬ್ಬ ತಾಯಿ ಅವರ ಕಚೇರಿಗೆ ಬಂದರಂತೆ. ಆಕೆಯ 16 ವರ್ಷದ ಮಗ ಗಾಂಜಾ ಸೇದಿ, ಪೆಟ್ರೋಲ್ ಆವಿ ಎಳೆದುಕೊಂಡು ಸತ್ತಿದ್ದ. ನೀವು ಇದಕ್ಕೆ ಏನು ಮಾಡುತ್ತಿದ್ದೀರಿ ಅಂತ ಆಕೆ ಕೇಳಿದರು. ಸರ್ಕಾರ ಇಷ್ಟು ಖರ್ಚು ಮಾಡುತ್ತಿದೆ, ಅಷ್ಟು ಖರ್ಚು ಮಾಡುತ್ತಿದೆ ಅಂತ ಇವರು ಲೆಕ್ಕ ಹೇಳಿದರು. ಆಕೆಗೆ ಆ ಲೆಕ್ಕ ಬೇಕಾಗಿರಲಿಲ್ಲ. ಈ ಕಥೆಯನ್ನು ಪೋರ್ಟ್‌ಮನ್ ಎಷ್ಟೋ ಸಲ ಹೇಳಿದ್ದಾರೆ. ರಾಜಕಾರಣಿಗಳ ಕಥೆ, ಪೂರ್ತಿ ನಂಬಲೇಬೇಕು ಅಂತಿಲ್ಲ. ಆದರೆ 1997ರಲ್ಲಿ ಊರು ಊರಿನ ಸಂಘಗಳಿಗೆ ಹಣ ಕೊಡುವ ಡ್ರಗ್ ಫ್ರೀ ಕಮ್ಯುನಿಟೀಸ್ ಕಾಯ್ದೆ ಬಂತು, ಅದು ಅವರದೇ.

ದೊಡ್ಡದು ಬಂದಿದ್ದು 2016ರಲ್ಲಿ. ಚಟ ಮತ್ತು ಚೇತರಿಕೆಯ ಸಮಗ್ರ ಕಾಯ್ದೆ, ಇಂಗ್ಲಿಷ್ ಹೆಸರಿನಿಂದ ಚಿಕ್ಕದಾಗಿ ಕ್ಯಾರಾ ಅನ್ನುತ್ತಾರೆ. ರೋಡ್ ಐಲೆಂಡ್‌ನ ಡೆಮಾಕ್ರಟ್ ಶೆಲ್ಡನ್ ವೈಟ್‌ಹೌಸ್ ಜೊತೆ ಸೇರಿ ತಂದದ್ದು. ಮಾರ್ಚ್‌ನಲ್ಲಿ ಸೆನೆಟ್ 94-1ರಲ್ಲಿ ಒಪ್ಪಿತು. ಜುಲೈ 22ರಂದು ಒಬಾಮಾ ಸಹಿ ಹಾಕಿದರು. ಚಟವನ್ನು ಕಾಯಿಲೆ ಅಂತ ನೋಡಿ, ಚಿಕಿತ್ಸೆಗೆ, ನಲೋಕ್ಸೋನ್‌ಗೆ (ಆ ನಾರ್ಕನ್ ಡಬ್ಬಿಯ ಔಷಧ), ಚೇತರಿಕೆಗೆ ದಾರಿ ಮಾಡಿದ ಕಾನೂನು. ನರ್ಸ್ ಪ್ರಾಕ್ಟೀಷನರ್‌ಗಳೂ ಚಟ ಬಿಡಿಸಲು ಕೊಡುವ ಬ್ಯುಪ್ರೆನಾರ್ಫಿನ್ ಔಷಧಿ ಬರೆಯಬಹುದು ಅಂದಿದ್ದೂ ಇದೇ.

ಇನ್ನು 2018ರ ಸ್ಟಾಪ್ ಕಾಯ್ದೆ. ಚೀನಾದಿಂದ ಅಂಚೆಯಲ್ಲಿ ಬರುತ್ತಿದ್ದ ಫೆಂಟನಿಲ್, ಅಂದರೆ ಲ್ಯಾಬ್‌ನಲ್ಲಿ ಮಾಡುವ ತುಂಬಾ ಜೋರಿನ ಓಪಿಯಾಯ್ಡ್, ತಡೆಯಲು.

ಈಗ ನನ್ನ ಕೊರಗು. ನಮ್ಮ ಅಂಗಡಿ ಕೌಂಟರ್‌ನಿಂದ ನೋಡಿದರೆ ಪ್ರತಿ ಕಾನೂನೂ ಹೋದ ವರ್ಷದ ಮಾದಕ ವಸ್ತುವಿಗೆ ಬರೆದಂತೆ ಕಾಣುತ್ತದೆ. ಮಾತ್ರೆ ತಡೆಯುವಷ್ಟರಲ್ಲಿ ಹೆರಾಯಿನ್ ಬಂದಿತ್ತು. ಹೆರಾಯಿನ್‌ಗೆ ಸಭೆ ಸೇರುವಷ್ಟರಲ್ಲಿ ಫೆಂಟನಿಲ್ ಬಂದಿತ್ತು. ಒಂದು ಲೆಕ್ಕ ನೋಡಿ. 2012ರಲ್ಲಿ ಓಹಾಯೋದಲ್ಲಿ ಅಂಗಡಿಗಳು ಕೊಟ್ಟ ಓಪಿಯಾಯ್ಡ್ ಡೋಸ್ 79.3 ಕೋಟಿ. 2017ಕ್ಕೆ ಅದು 56.8 ಕೋಟಿಗೆ ಇಳಿಯಿತು. ಭೇಷ್ ಅಲ್ವಾ? ಅದೇ ಐದು ವರ್ಷದಲ್ಲಿ ರಾಜ್ಯದ ಓವರ್‌ಡೋಸ್ ಸಾವು 1,914ರಿಂದ 4,854ಕ್ಕೆ ಏರಿತು.

ಹಾಗಾದರೆ ಆ ಮನುಷ್ಯ 25 ವರ್ಷ ಮಾಡಿದ್ದು ದಂಡವಾ? ನನಗೆ ಹಾಗೆ ಅನಿಸುವುದಿಲ್ಲ. ಆದರೆ ಯಾಕೆ ಅಂತ ಸರಿಯಾಗಿ ಹೇಳಲೂ ಬರುತ್ತಿಲ್ಲ. ನೀವೇನಂತೀರಿ?

ಜಯನಗರ ನಾಲ್ಕನೇ ಬ್ಲಾಕ್:

94-1 ಅಂದರೆ ಯಾರಿಗೂ ನೋವಾಗದ ಕಾನೂನು ಅಂತಲೇ ಅರ್ಥ. ದುಡ್ಡು ಎಷ್ಟಿತ್ತು ಹೇಳಿ?

ಮಾತ್ರೆಡಬ್ಬಿ:

ವರ್ಷಕ್ಕೆ ಸುಮಾರು 18.1 ಕೋಟಿ ಡಾಲರ್ ಖರ್ಚು ಮಾಡಲು ಅನುಮತಿ. ಅನುಮತಿ ಮಾತ್ರ. ದುಡ್ಡು ಬಿಡುಗಡೆ ಬೇರೆ ಮಸೂದೆಯಲ್ಲಿ ಆಗಬೇಕು. ಮದುವೆಗೆ ಛತ್ರ ಬುಕ್ ಮಾಡಿ, ಅಡುಗೆಯವರಿಗೆ ಮುಂಗಡ ಕೊಡದ ಹಾಗೆ. ನ್ಯೂ ಹ್ಯಾಂಪ್‌ಶೈರ್‌ನ ಸೆನೆಟರ್ ಜೀನ್ ಶಹೀನ್ 60 ಕೋಟಿ ಡಾಲರ್ ತುರ್ತು ಹಣ ಸೇರಿಸಿ ಅಂತ ತಿದ್ದುಪಡಿ ತಂದರು. ಅದಕ್ಕೆ ಬೇಕಾದ 60 ಮತ ಸಿಗಲಿಲ್ಲ. ನಿಜವಾದ ದುಡ್ಡು ಬಂದಿದ್ದು ಅದೇ ಡಿಸೆಂಬರ್‌ನಲ್ಲಿ, 21ನೇ ಶತಮಾನದ ಕ್ಯೂರ್ಸ್ ಕಾಯ್ದೆಯಲ್ಲಿ. ಎರಡು ವರ್ಷಕ್ಕೆ 100 ಕೋಟಿ ಡಾಲರ್ ರಾಜ್ಯಗಳಿಗೆ.

ಜಯನಗರ ನಾಲ್ಕನೇ ಬ್ಲಾಕ್:

ಅದನ್ನೇ ನಾನು ಹೇಳಿದ್ದು.

ಡೇಟನ್ ನರ್ಸಮ್ಮ:

2017ರಲ್ಲಿ ನಾನು ಇಲ್ಲಿ ತುರ್ತು ವಿಭಾಗದಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ. ನಮ್ಮ ಮಾಂಟ್ಗೊಮರಿ ಕೌಂಟಿಯಲ್ಲಿ ಆ ಒಂದೇ ವರ್ಷ 566 ಜನ ಸತ್ತರು. ಶವಾಗಾರದಲ್ಲಿ ಜಾಗ ಸಾಲದೆ ಹೋಯಿತು. ಇದನ್ನು ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ ನಂಬಲಿಲ್ಲ.

ಆಗ ಬರುತ್ತಿದ್ದದ್ದು ಬರೀ ಫೆಂಟನಿಲ್ ಅಲ್ಲ, ಕಾರ್ಫೆಂಟನಿಲ್. ಆನೆಗೆ ಪ್ರಜ್ಞೆ ತಪ್ಪಿಸಲು ಬಳಸುವ ವಸ್ತು. ಫೆಂಟನಿಲ್‌ಗಿಂತ ನೂರು ಪಟ್ಟು ಜೋರು. 2016ರ ಆಗಸ್ಟ್‌ನಲ್ಲಿ ಸಿನ್ಸಿನಾಟಿಯಲ್ಲಿ ಆರು ದಿನದಲ್ಲಿ 174 ಓವರ್‌ಡೋಸ್ ಆದದ್ದು ಇದರಿಂದಲೇ ಅಂತ ಆಗ ಎಲ್ಲರ ಬಾಯಲ್ಲೂ ಇತ್ತು. ಮೊದಲೆಲ್ಲ ಒಂದು ಡೋಸ್ ನಲೋಕ್ಸೋನ್ ಕೊಟ್ಟರೆ ಕಣ್ಣು ಬಿಡುತ್ತಿದ್ದರು. ಆಗ ಎರಡು, ಮೂರು, ನಾಲ್ಕು ಕೊಟ್ಟೆವು. ಕಣ್ಣು ಬಿಟ್ಟವರು ನಮಗೆ ಬೈಯುತ್ತಿದ್ದರು. ಅಮಲು ಇಳಿದು ಮೈಯೆಲ್ಲ ನೋವು, ವಾಂತಿ, ನಡುಕ. ಬೈಯದೆ ಏನು ಮಾಡುತ್ತಾರೆ ಪಾಪ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಮರು ವರ್ಷದಲ್ಲಿದೆ. 2018ರಲ್ಲಿ ನಮ್ಮ ಕೌಂಟಿಯ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಕಾರ್ಫೆಂಟನಿಲ್ ಕಮ್ಮಿಯಾಯಿತು, ಅದು ಅದೃಷ್ಟ. ಉಳಿದದ್ದು ಅದೃಷ್ಟವಲ್ಲ. ಊರೆಲ್ಲ ನಾರ್ಕನ್ ಹಂಚಿದ್ದರು. ಪೊಲೀಸರ ಹತ್ತಿರವೂ ಇತ್ತು. ಆಗಿನ ಗವರ್ನರ್ ಕೇಸಿಕ್ ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಯ್ಡ್ ಅನ್ನು ವಿಸ್ತರಿಸಿದ್ದರಿಂದ ಕೈಯಲ್ಲಿ ಕಾಸಿಲ್ಲದವರಿಗೂ ಚಿಕಿತ್ಸೆಯ ಬಿಲ್ ಕಟ್ಟುವವರು ಇದ್ದರು. ಊರಲ್ಲಿ ಹೊಸ ಚಿಕಿತ್ಸಾ ಕೇಂದ್ರಗಳು ಬಂದವು. ಪೋರ್ಟ್‌ಮನ್ ಕಾನೂನು ಇದರಲ್ಲಿ ಒಂದು ಇಟ್ಟಿಗೆ. ಗೋಡೆಯೆಲ್ಲ ಅವರದಲ್ಲ.

ಇನ್ನೊಂದು, ಯಾರೂ ಜಾಸ್ತಿ ಮಾತಾಡದ್ದು. ಗರ್ಭಿಣಿಯರು ಓಪಿಯಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಹುಟ್ಟಿದ ಮಗು ಎರಡು ಮೂರು ದಿನದಲ್ಲಿ ನಡುಗಲು ಶುರು ಮಾಡುತ್ತದೆ. ಕಿರುಚುವ ಅಳು, ಹಾಲು ಕುಡಿಯಲ್ಲ, ನಿದ್ದೆ ಇಲ್ಲ. ಐಸಿಯುನ ದೀಪ, ಸದ್ದು ಆ ಮಕ್ಕಳಿಗೆ ಆಗಿಬರುವುದಿಲ್ಲ. ಕತ್ತಲೆ ಕೋಣೆ, ಎದೆಗೆ ಅವಚಿಕೊಳ್ಳುವ ಕೈ ಬೇಕು. ಬಾಣಂತಿ ಕೋಣೆ ಅಂತ ನಮ್ಮಲ್ಲಿ ಇರುತ್ತದಲ್ಲ, ಹಾಗೆ. ಇಲ್ಲೇ ಕೆಟರಿಂಗ್‌ನಲ್ಲಿ ಬ್ರಿಜಿಡ್ಸ್ ಪಾತ್ ಅಂತ ಒಂದು ಮನೆ 2017ರ ಕೊನೆಯಲ್ಲಿ ಶುರುವಾಯಿತು. ಇಂಥ ಜಾಗಗಳಿಗೆ ಮೆಡಿಕೇಯ್ಡ್ ಹಣ ಸಿಗಲು ಪೋರ್ಟ್‌ಮನ್, ಆಗ ನಮ್ಮ ಇನ್ನೊಬ್ಬ ಸೆನೆಟರ್ ಆಗಿದ್ದ ಶೆರಾಡ್ ಬ್ರೌನ್ ಸೇರಿ ಕ್ರಿಬ್ ಕಾಯ್ದೆ ಅಂತ ತಂದರು. 2018ರ ಸಪೋರ್ಟ್ ಅನ್ನುವ ದೊಡ್ಡ ಓಪಿಯಾಯ್ಡ್ ಕಾನೂನಿನೊಳಗೆ ಅದು ಸೇರಿಕೊಂಡಿತು. ಒಬ್ಬರು ರಿಪಬ್ಲಿಕನ್, ಒಬ್ಬರು ಡೆಮಾಕ್ರಟ್. ಎಷ್ಟೋ ವಿಷಯದಲ್ಲಿ ಇಬ್ಬರದೂ ಬೇರೆ ಬೇರೆ ಕಡೆ.

ಬೆಳಗಾವಿ ಕುಂದಾ:

ಕೆಟ್ಟ ಪ್ರಶ್ನೆ ಅಂದುಕೊಳ್ಳಬೇಡಿ. ಈ ಓಪಿಯಾಯ್ಡ್ ಅಂದರೆ ಅಫೀಮಾ?

ಮಾತ್ರೆಡಬ್ಬಿ:

ಒಳ್ಳೆಯ ಪ್ರಶ್ನೆ. ಅಫೀಮಿನ ಸಂಸಾರ ಅನ್ನಿ. ಗಸಗಸೆ ಗಿಡದ ಹಸಿ ಕಾಯಿಗೆ ಗೀರಿದರೆ ಒಸರುವ ಹಾಲೇ ಅಫೀಮು. ಅದರಿಂದ ಮಾರ್ಫಿನ್, ಕೊಡೀನ್. ಸ್ವಲ್ಪ ಬದಲಾಯಿಸಿದರೆ ಹೆರಾಯಿನ್, ಆಕ್ಸಿಕೋಡೋನ್. ಗಿಡವೇ ಬೇಡದೆ ಲ್ಯಾಬ್‌ನಲ್ಲಿ ಮಾಡುವುದು ಫೆಂಟನಿಲ್. ಮಾರ್ಫಿನ್‌ಗಿಂತ ಸುಮಾರು ನೂರು ಪಟ್ಟು ಜೋರು. ಅಭ್ಯಾಸವಿಲ್ಲದವರಿಗೆ 2 ಮಿಲಿಗ್ರಾಂ ಸಾಕು ಜೀವ ಹೋಗಲು. ಹೊಲ ಬೇಡ, ಮಳೆ ಬೇಡ, ಕೂಲಿಯಾಳು ಬೇಡ. ಒಂದು ಲಕೋಟೆಯಲ್ಲಿ ಸಾವಿರಾರು ಜನರ ಸಾವು ಹಿಡಿಸುತ್ತದೆ. ಅದಕ್ಕೇ ಅಂಚೆಯ ಕಾನೂನು ಬೇಕಾಯಿತು.

ಮೊದಲು ಶುರುವಾದದ್ದು ವೈದ್ಯರ ಚೀಟಿಯಿಂದಲೇ. 1996ರಲ್ಲಿ ಪರ್ಡ್ಯೂ ಫಾರ್ಮಾ ಆಕ್ಸಿಕಾಂಟಿನ್ ಮಾರಾಟಕ್ಕೆ ತಂತು. ಚಟ ಹಿಡಿಯುವ ಅಪಾಯ ಕಮ್ಮಿ ಅಂತ ಸುಳ್ಳು ಹೇಳಿ ಮಾರಿದ್ದಕ್ಕೆ 2007ರಲ್ಲಿ ಕೋರ್ಟಿನಲ್ಲಿ ಕಂಪನಿ ತಪ್ಪೊಪ್ಪಿಕೊಂಡಿತು. ಓಹಾಯೋ ನದಿ ದಂಡೆಯ ಪೋರ್ಟ್ಸ್‌ಮತ್ ಊರಿನಲ್ಲಿ ಬೀಡಾ ಅಂಗಡಿ ಹಾಗೆ ನೋವಿನ ಕ್ಲಿನಿಕ್‌ಗಳಿದ್ದವು. ನಗದು ಕೊಟ್ಟರೆ ಚೀಟಿ. ಅವನ್ನು ಮುಚ್ಚಿಸಿದ್ದು ದೆಹಲಿ ಮಟ್ಟದ ನಾಯಕರಲ್ಲ, ಅಂದರೆ ವಾಷಿಂಗ್ಟನ್ನವರಲ್ಲ. ಅದೇ ಜಿಲ್ಲೆಯಲ್ಲಿ ಕೊರೋನರ್ ಆಗಿದ್ದ ಡಾಕ್ಟರ್ ಟೆರಿ ಜಾನ್ಸನ್ ರಾಜ್ಯದ ಶಾಸಕರಾಗಿ 2011ರಲ್ಲಿ ತಂದ ಕಾನೂನು. ಹೆಣ ಪರೀಕ್ಷೆ ಮಾಡಿದವರೇ ಕಾನೂನು ಬರೆದರು. ಅವರ ಬಗ್ಗೆಯೂ ಯಾರಾದರೂ ಒಂದು ಚರ್ಚೆ ಶುರು ಮಾಡಬೇಕು.

ಹುಬ್ಬಳ್ಳಿ ಟು ಹ್ಯೂಸ್ಟನ್:

ನಾನು ಅಪರಾಧಿ ಸ್ಥಾನದಲ್ಲಿ ನಿಂತವನು, ಮಾತಾಡಲೇಬೇಕು. ಬೆನ್ನಿಗೆ ಎರಡು ಆಪರೇಷನ್ ಆಗಿದೆ. ಏಳು ವರ್ಷದಿಂದ ದಿನಕ್ಕೆ ಒಂದು ಸಣ್ಣ ಡೋಸ್ ಓಪಿಯಾಯ್ಡ್ ತೆಗೆದುಕೊಳ್ಳುತ್ತೇನೆ. ಅದರಿಂದ ಕೆಲಸಕ್ಕೆ ಹೋಗುತ್ತೇನೆ, ಮಗಳನ್ನು ಎತ್ತುತ್ತೇನೆ. ಡೋಸ್ ಒಂದು ಸಲವೂ ಏರಿಲ್ಲ.

2018ರಲ್ಲಿ ಇದೇ ಪೋರ್ಟ್‌ಮನ್, ವೈಟ್‌ಹೌಸ್ ಜೋಡಿ ಕ್ಯಾರಾ 2.0 ಅಂತ ತಂದರು. ಹೊಸ ನೋವಿಗೆ ಮೂರೇ ದಿನದ ಮಾತ್ರೆ, ಇಡೀ ದೇಶಕ್ಕೆ ಒಂದೇ ನಿಯಮ. ದೀರ್ಘ ನೋವು, ಕ್ಯಾನ್ಸರ್‌ಗೆ ವಿನಾಯಿತಿ ಬರೆದಿದ್ದರು, ನಿಜ. ಆದರೆ ಕಾಗದದ ವಿನಾಯಿತಿ ಕ್ಲಿನಿಕ್‌ನಲ್ಲಿ ಉಳಿಯುವುದಿಲ್ಲ. 2016ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಬರೀ ಸಲಹೆ ಅಂತ ಮಾರ್ಗಸೂಚಿ ಕೊಟ್ಟಿತು. ಡಾಕ್ಟರ್‌ಗಳು ಅದನ್ನು ಲಕ್ಷ್ಮಣರೇಖೆ ಮಾಡಿಕೊಂಡರು. ನನ್ನ ಹಳೆಯ ಕ್ಲಿನಿಕ್ ಒಂದು ಬೆಳಗ್ಗೆ ನನ್ನ ಡೋಸನ್ನು ಅರ್ಧ ಮಾಡಿತು. ಕೇಳಿದರೆ "ಪಾಲಿಸಿ". ಆ ಎರಡು ತಿಂಗಳು ನಾನು ಮನುಷ್ಯನಾಗಿರಲಿಲ್ಲ. ಆ ಮಾರ್ಗಸೂಚಿಯನ್ನು ತಪ್ಪಾಗಿ ಬಳಸಿದರು ಅಂತ ಸಿಡಿಸಿ 2022ರಲ್ಲಿ ತಿದ್ದಿಕೊಂಡಿತು. ನನ್ನ ಎರಡು ತಿಂಗಳು ಯಾರು ತಿದ್ದಿ ಕೊಡುತ್ತಾರೆ?

ಮೂರು ದಿನದ ನಿಯಮ ಕಾನೂನಾಗಲಿಲ್ಲ. ದೇವರು ದೊಡ್ಡವನು.

ಮಾತ್ರೆಡಬ್ಬಿ:

ಇದರಲ್ಲಿ ನಮ್ಮ ಕಡೆಯ ತಪ್ಪೂ ಇದೆ. ಓಹಾಯೋದಲ್ಲಿ 2017ರಿಂದ ಹೊಸ ನೋವಿಗೆ ದೊಡ್ಡವರಿಗೆ ಏಳು ದಿನ, ಮಕ್ಕಳಿಗೆ ಐದು ದಿನದ ಮಿತಿ ಇದೆ. ಪ್ರತಿ ಚೀಟಿಗೂ ಆರ್ಸ್ ಅಂತ ರಾಜ್ಯದ ದಾಖಲೆ ನೋಡುತ್ತೇವೆ, ಯಾರು ಎಲ್ಲಿ ಎಷ್ಟು ತೆಗೆದುಕೊಂಡರು ಅಂತ. ಒಳ್ಳೆಯ ಸಾಧನ. ಆದರೆ ಕೌಂಟರ್‌ನಲ್ಲಿ ನಿಂತು ಒಬ್ಬ ಮನುಷ್ಯನ ಮುಖ ನೋಡುವ ಮೊದಲು ಪರದೆ ನೋಡುವ ಅಭ್ಯಾಸ ಬಂತು. ಒಬ್ಬ ಕ್ಯಾನ್ಸರ್ ರೋಗಿಯನ್ನು ನಾನು ಮೂರು ಪ್ರಶ್ನೆ ಜಾಸ್ತಿ ಕೇಳಿದ್ದೇನೆ. ಅವರ ಹೆಂಡತಿ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ.

ದಾವಣಗೆರೆ ಬೆಣ್ಣೆ:

ನೀವೆಲ್ಲ ಜಾಸ್ತಿಯಾಗಿ ಸತ್ತವರ ಮಾತಾಡುತ್ತಿದ್ದೀರಿ. ನಾನು ಇಲ್ಲದೆ ಸತ್ತವರ ಮಾತಾಡಲಾ?

ನಮ್ಮಮ್ಮನಿಗೆ ಬಾಯಿ ಕ್ಯಾನ್ಸರ್. ಕೊನೆಯ ಎರಡು ತಿಂಗಳು ಮನೆಯಲ್ಲೇ. ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಊರಿನ ಒಂದು ಅಂಗಡಿಯಲ್ಲೂ ಇಲ್ಲ. ಒಬ್ಬರು ಹೆಸರು ಕೇಳಿದ ತಕ್ಷಣ ನಮ್ಮನ್ನು ಕಳ್ಳರಂತೆ ನೋಡಿದರು. ಬೆಂಗಳೂರಿಗೆ ಬಸ್ಸು ಹತ್ತಿ ಹೋಗಿ ತರುತ್ತಿದ್ದೆ. ಒಂದು ಸಲ ನಾನು ವಾಪಸ್ ಬರುವುದು ಒಂದು ದಿನ ತಡವಾಯಿತು. ಆ ದಿನದ ಬಗ್ಗೆ ಬರೆಯುವುದಿಲ್ಲ.

ಅಫೀಮು ಬೆಳೆಯಲು ಸರ್ಕಾರವೇ ಲೈಸೆನ್ಸ್ ಕೊಡುವ ಹೊಲಗಳು ನಮ್ಮದೇ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿವೆ. ನಮ್ಮ ಹೊಲದ ಮಾಲು ನಮ್ಮ ಅಮ್ಮನಿಗೆ ಸಿಗಲಿಲ್ಲ. ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಎಲ್ಲರನ್ನೂ ಹೆದರಿಸಿಬಿಟ್ಟಿತ್ತು. ಆಸ್ಪತ್ರೆಗೆ ಮಾರ್ಫಿನ್ ಇಟ್ಟುಕೊಳ್ಳಲು ನಾಲ್ಕೈದು ಲೈಸೆನ್ಸ್ ಬೇಕಿತ್ತು. 2014ರಲ್ಲಿ ತಿದ್ದುಪಡಿ ಮಾಡಿ ಒಂದೇ ಅನುಮತಿ ಸಾಕು ಅಂದರು. ಕಾನೂನು ಸಡಿಲವಾಯಿತು, ಭಯ ಸಡಿಲವಾಗಲಿಲ್ಲ. ಅಮ್ಮ ಹೋಗಿದ್ದು ಆ ತಿದ್ದುಪಡಿಯಾಗಿ ಐದು ವರ್ಷದ ಮೇಲೆ.

ಅದಕ್ಕೇ ಯಾರಾದರೂ "ಓಪಿಯಾಯ್ಡ್ ವಿರುದ್ಧ ಹೋರಾಟ" ಅಂದರೆ ನನಗೆ ಹೊಟ್ಟೆ ಹಿಂಡುತ್ತದೆ. ಯಾರ ವಿರುದ್ಧ ಸ್ವಾಮಿ?

ಡೇಟನ್ ನರ್ಸಮ್ಮ:

ನಿಮ್ಮದು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ಮನೋವೈದ್ಯ_ಬೆಂಗಳೂರು:

ಇಲ್ಲಿಯ ಚಿತ್ರವನ್ನು ಸ್ವಲ್ಪ ಸೇರಿಸುತ್ತೇನೆ. ಓಪಿಯಾಯ್ಡ್ ನಮ್ಮ ದೇಶದಲ್ಲಿ ಇಲ್ಲ ಅಂದುಕೊಳ್ಳಬೇಡಿ. ಏಮ್ಸ್ ಮಾಡಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಬಂತು. ಸುಮಾರು 2.26 ಕೋಟಿ ಜನ ಓಪಿಯಾಯ್ಡ್ ಬಳಸುತ್ತಾರೆ ಅಂತ ಅದರಲ್ಲಿದೆ. ಪಂಜಾಬ್, ಈಶಾನ್ಯದ ಮಾತೇ ಎಲ್ಲರೂ ಆಡುವುದು. ನಮ್ಮ ಹೊರರೋಗಿ ವಿಭಾಗಕ್ಕೆ ಬರುವ ಹುಡುಗರು ಕರ್ನಾಟಕದವರೇ. 2018ರಲ್ಲಿ ಟ್ರಮಡಾಲ್ ಅನ್ನುವ ಓಪಿಯಾಯ್ಡ್ ನೋವಿನ ಮಾತ್ರೆಯನ್ನು ಎನ್‌ಡಿಪಿಎಸ್‌ಗೆ ಸೇರಿಸಿದರು. ಆಮೇಲೆ ನಾನು ನೋಡುತ್ತಿರುವವರ ಕೈಯಲ್ಲಿ ಅದೇ ಜಾತಿಯ ಟ್ಯಾಪೆಂಟಡಾಲ್. ಮಾತ್ರೆ ಅರೆದು ನೀರಿಗೆ ಹಾಕಿ ಚುಚ್ಚಿಕೊಳ್ಳುತ್ತಾರೆ. ಕೈ ಕೊಳೆತು ಬರುತ್ತಾರೆ. ಒಂದು ಬಾಗಿಲು ಮುಚ್ಚಿದರೆ ಪಕ್ಕದ ಕಿಟಕಿ, ಮಾತ್ರೆಡಬ್ಬಿಯವರು ಹೇಳಿದ್ದೇ ಇಲ್ಲೂ.

ಚಿಕಿತ್ಸೆ ಇದೆ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇದೆ. ಬ್ಯುಪ್ರೆನಾರ್ಫಿನ್ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ಅದೂ ಓಪಿಯಾಯ್ಡೇ, ಆದರೆ ಒಂದು ಮಟ್ಟದ ಮೇಲೆ ಅದರ ಪರಿಣಾಮ ಏರುವುದಿಲ್ಲ. ನಡುಕ, ನೋವು, ಹಂಬಲ ನಿಲ್ಲುತ್ತದೆ. ಹುಡುಗ ಕೆಲಸಕ್ಕೆ ಹೋಗಬಹುದು. ಮನೆಯವರು ಕೇಳುವ ಮೊದಲ ಪ್ರಶ್ನೆ, "ಡಾಕ್ಟ್ರೇ, ಒಂದು ಚಟದ ಬದಲು ಇನ್ನೊಂದು ಚಟ ಅಲ್ವಾ ಇದು?" ನಾನು ಕೇಳುತ್ತೇನೆ, ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯಾ? ಇನ್ಸುಲಿನ್ ಎಷ್ಟು ವರ್ಷದಿಂದ? ಬಿಡಿಸಲಿಲ್ಲ ಯಾಕೆ?

ಎರಡನೇ ಪ್ರಶ್ನೆ ಪೊಲೀಸರದ್ದು. ನಮ್ಮ ಕಾನೂನಿನಲ್ಲಿ 64ಎ ಅಂತ ಒಂದು ಕಲಂ ಇದೆ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ. ಅದು ಎಷ್ಟು ಮನೆಗಳಿಗೆ ಗೊತ್ತು? ಅದಕ್ಕೇ ಮಗನನ್ನು ಆಸ್ಪತ್ರೆಗೆ ಕರೆತರುವ ಬದಲು ರೂಮಿಗೆ ಬೀಗ ಹಾಕುತ್ತಾರೆ. ಬೀಗ ಹಾಕಿ ಮೂರು ವಾರ ಬಿಡಿಸುತ್ತಾರೆ. ಮೈಯ ತಡೆಯುವ ಶಕ್ತಿ ಇಳಿದಿರುತ್ತದೆ. ಹೊರಗೆ ಬಂದ ದಿನ ಹಳೆಯ ಡೋಸನ್ನೇ ಹಾಕಿಕೊಳ್ಳುತ್ತಾನೆ. ಸಾಯುವುದು ಆವತ್ತು. ಜೈಲಿನಿಂದ ಬಿಡುಗಡೆಯಾದವರಿಗೂ ಅಷ್ಟೇ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಕೇಂದ್ರದ ಸಹಾಯವಾಣಿ 14446. ಉಚಿತ.

ಜಯನಗರ ನಾಲ್ಕನೇ ಬ್ಲಾಕ್:

ಡಾಕ್ಟ್ರ ಮಾತು ಒಪ್ಪಿದೆ. ಆದರೆ ಪೋರ್ಟ್‌ಮನ್‌ಗೆ ವಾಪಸ್ ಬರೋಣ. ನರ್ಸಮ್ಮ ಹೇಳಿದ ಮೆಡಿಕೇಯ್ಡ್ ವಿಸ್ತರಣೆ ಇದೆಯಲ್ಲ, ಅದನ್ನು ಕಿತ್ತುಹಾಕಲು ಹೊರಟ ಪಕ್ಷ ಯಾವುದು? 2017ರ ಜುಲೈನಲ್ಲಿ ಇವರು ಯಾರ ಕಡೆ ಇದ್ದರು?

ಕೊಲಂಬಸ್ ಕಾಫಿಪುಡಿ:

ಎರಡೂ ಕಡೆ ಇದ್ದರು, ಅದೇ ತಮಾಷೆ. ಒಬಾಮಾಕೇರ್ ಅನ್ನು, ಅಂದರೆ ಆ ವಿಸ್ತರಣೆಗೆ ದಾರಿ ಮಾಡಿದ ಆರೋಗ್ಯ ವಿಮೆ ಕಾನೂನನ್ನು, ಬದಲಿ ಇಲ್ಲದೆ ಕಿತ್ತುಹಾಕುವ ಮಸೂದೆಗೆ ಇಲ್ಲ ಅಂದ ಏಳು ರಿಪಬ್ಲಿಕನ್ನರಲ್ಲಿ ಇವರೊಬ್ಬರು. ಅದಕ್ಕೂ ಮೊದಲು ಓಪಿಯಾಯ್ಡ್ ಚಿಕಿತ್ಸೆಗೆ 4,500 ಕೋಟಿ ಡಾಲರ್ ಬೇರೆ ಇಡಿ ಅಂತ ಪಟ್ಟು ಹಿಡಿದಿದ್ದರು. ಆದರೆ ಅದರ ಕೆಲವೇ ಭಾಗ ಕಿತ್ತುಹಾಕುವ, ಕೊನೆಯ ರಾತ್ರಿಯ "ಸಣಕಲು" ಮಸೂದೆಗೆ ಹೌದು ಅಂದರು. ಅವರದೇ ಪಕ್ಷದ ಸೆನೆಟರ್ ಮೆಕೇನ್ ಹೆಬ್ಬೆರಳು ಕೆಳಗೆ ಮಾಡಿ ಮಸೂದೆ ಬೀಳಿಸಿದ ರಾತ್ರಿ ಅದು.

ನಾನು ಅವರಿಗೆ ಮತ ಹಾಕಿದವನಲ್ಲ. ಆದರೂ ಒಂದು ಮಾತು. ಚಿಕಿತ್ಸೆಗೆ ಮೆಡಿಕೇಯ್ಡ್ ದುಡ್ಡಿನಲ್ಲಿ ಒಂದು ಹಳೆಯ ಗಂಟು ಇತ್ತು. 1965ರ ನಿಯಮ. 16ಕ್ಕಿಂತ ಜಾಸ್ತಿ ಹಾಸಿಗೆ ಇರುವ ಮಾನಸಿಕ ಅಥವಾ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಕೇಂದ್ರದ ಹಣ ಇಲ್ಲ. ಹಳೆಯ ಕಾಲದ ಹುಚ್ಚಾಸ್ಪತ್ರೆಗಳಿಗೆ ದುಡ್ಡು ಹೋಗಬಾರದು ಅಂತ ಮಾಡಿದ್ದು. 2017ರಲ್ಲಿ ಆ ನಿಯಮದಿಂದ ಹಾಸಿಗೆ ಖಾಲಿ ಇಟ್ಟುಕೊಂಡೇ ಜನರನ್ನು ಕಾಯುವ ಪಟ್ಟಿಗೆ ಹಾಕುತ್ತಿದ್ದರು. ಆ ಗಂಟನ್ನು ಬಿಡಿಸಲು ಪೋರ್ಟ್‌ಮನ್ ವರ್ಷಗಟ್ಟಲೆ ಹಿಂದೆ ಬಿದ್ದರು. 2018ರ ಸಪೋರ್ಟ್ ಕಾಯ್ದೆಯಲ್ಲಿ ವರ್ಷಕ್ಕೆ 30 ದಿನದವರೆಗೆ ಕೊಡಬಹುದು ಅಂತಾಯಿತು. ಟಿವಿಯಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ. ಹಾಸಿಗೆ ಸಿಕ್ಕವನ ತಾಯಿಗೂ ಇದು ಯಾರಿಂದ ಆಯಿತು ಅಂತ ಗೊತ್ತಾಗುವುದಿಲ್ಲ.

ಮಾತ್ರೆಡಬ್ಬಿ:

ಥ್ಯಾಂಕ್ಸ್. ಇದು ನನಗೆ ಬೇಕಿದ್ದ ಉತ್ತರಕ್ಕೆ ಹತ್ತಿರ ಬಂತು.

ಅಂಚೆ ಕಾನೂನಿನ ಬಗ್ಗೆಯೂ ಹೇಳಿಬಿಡುತ್ತೇನೆ. 2018ರ ಜನವರಿಯಲ್ಲಿ ಪೋರ್ಟ್‌ಮನ್ ಅಧ್ಯಕ್ಷತೆಯ ಸೆನೆಟ್ ತನಿಖಾ ಉಪಸಮಿತಿ ಒಂದು ವರದಿ ಕೊಟ್ಟಿತು. ತನಿಖೆಯವರು ಮಾಡಿದ್ದು ಏನು ಗೊತ್ತಾ? ಗೂಗಲ್‌ನಲ್ಲಿ "ಫೆಂಟನಿಲ್ ಮಾರಾಟಕ್ಕೆ" ಅಂತ ಹುಡುಕಿದರು. ಅಷ್ಟೇ. ಮಾರುವವರು ಸಾಲಾಗಿ ಸಿಕ್ಕರು. ಕೊಳ್ಳುವವರ ಸೋಗಿನಲ್ಲಿ ಮಾತಾಡಿಸಿದರೆ, ಖಾಸಗಿ ಕೊರಿಯರ್ ಬೇಡ, ಸರ್ಕಾರಿ ಅಂಚೆಯಲ್ಲೇ ಕಳಿಸುತ್ತೇವೆ ಅಂದರು. ಯಾಕೆಂದರೆ ಕೊರಿಯರ್‌ನವರು ಪೊಟ್ಟಣದ ವಿವರವನ್ನು ಮೊದಲೇ ಕಂಪ್ಯೂಟರ್‌ನಲ್ಲಿ ಕಳಿಸಬೇಕಿತ್ತು. ಅಂಚೆಗೆ ಆ ಕಟ್ಟು ಇರಲಿಲ್ಲ. ಸ್ಟಾಪ್ ಕಾಯ್ದೆ ಆ ಕಟ್ಟು ಹಾಕಿತು. 2018ರ ಕೊನೆಗೆ ಚೀನಾದ ಎಲ್ಲ ಪೊಟ್ಟಣ, 2020ರ ಕೊನೆಗೆ ಎಲ್ಲ ದೇಶದ್ದು. ಅಂಚೆ ಇಲಾಖೆ ಆ ಗಡುವುಗಳಲ್ಲಿ ಪೂರ್ತಿ ಗೆಲ್ಲಲಿಲ್ಲ.

2019ರ ಮೇ 1ರಿಂದ ಚೀನಾ ಇಡೀ ಫೆಂಟನಿಲ್ ಗುಂಪನ್ನೇ ನಿಯಂತ್ರಣಕ್ಕೆ ತಂತು. ಅಂಚೆಯ ದಾರಿ ಸಣ್ಣದಾಯಿತು. ಆಮೇಲೆ? ಚೀನಾದಿಂದ ಕಚ್ಚಾ ರಾಸಾಯನಿಕ ಮೆಕ್ಸಿಕೋಗೆ, ಅಲ್ಲಿ ಅಡುಗೆ, ಅಲ್ಲಿಂದ ಗಡಿ ದಾಟಿ ಇಲ್ಲಿಗೆ. 2017ರಲ್ಲಿ ದೇಶದಲ್ಲಿ ಸುಮಾರು 70 ಸಾವಿರ ಓವರ್‌ಡೋಸ್ ಸಾವು. 2022ರಲ್ಲಿ ಸುಮಾರು 1 ಲಕ್ಷ 8 ಸಾವಿರ. 2024ರಲ್ಲಿ 80 ಸಾವಿರದ ಆಸುಪಾಸಿಗೆ ಇಳಿದಿದೆ.

ನನಗೆ ಈಗ ಅನಿಸುವುದು ಇಷ್ಟು. ಪೋರ್ಟ್‌ಮನ್‌ಗೆ ಹೆಸರು ತಂದುಕೊಟ್ಟದ್ದು ಅಂಚೆ ಕಾನೂನು, ಅಂದರೆ ತಡೆಯುವ ಗೋಡೆಯ ಕಾನೂನು. ಜೀವ ಉಳಿಸಿದ್ದು ಯಾರ ಗಮನಕ್ಕೂ ಬಾರದ, ಚಿಕಿತ್ಸೆಗೆ ಬಾಗಿಲು ತೆರೆದ ಕಾನೂನುಗಳು. ಹಾಸಿಗೆ, ನರ್ಸ್ ಬರೆಯಬಹುದಾದ ಚೀಟಿ, ಕತ್ತಲೆ ಕೋಣೆಯ ಮಗು. ನನ್ನ ಕೌಂಟರ್‌ನಲ್ಲಿ ಅತಿ ದೊಡ್ಡ ಬದಲಾವಣೆ ಕಂಡಿದ್ದು ಅವರು ಹೋಗುವ ಹೊತ್ತಿಗೆ ಬಂದದ್ದು. ಬ್ಯುಪ್ರೆನಾರ್ಫಿನ್ ಬರೆಯಲು ಡಾಕ್ಟರ್‌ಗಳಿಗೆ ವಿಶೇಷ ಪರವಾನಗಿ ಬೇಕಿತ್ತು. ಅದೇ ಗುಂಪಿನ ಆಕ್ಸಿಕೋಡೋನ್ ಬರೆಯಲು ಬೇಡ, ಚಟ ನಿಲ್ಲಿಸುವ ಮಾತ್ರೆಗೆ ಬೇಕು! ನ್ಯೂಯಾರ್ಕ್‌ನ ಪಾಲ್ ಟೊಂಕೋ ಕೆಳಮನೆಯಲ್ಲಿ, ಮ್ಯಾಗಿ ಹ್ಯಾಸನ್ ಸೆನೆಟ್‌ನಲ್ಲಿ ಹಟ ಹಿಡಿದು 2022ರ ಡಿಸೆಂಬರ್‌ನಲ್ಲಿ ಅದನ್ನು ತೆಗೆಸಿದರು.

ಬೆಳಗಾವಿ ಕುಂದಾ:

ನಾರ್ಕನ್ ಡಬ್ಬಿ ಯಾರು ಬೇಕಾದರೂ ಕೊಳ್ಳಬಹುದಾ?

ಮಾತ್ರೆಡಬ್ಬಿ:

ಇಲ್ಲಿ ಹೌದು. ಓಹಾಯೋದಲ್ಲಿ 2015ರಿಂದಲೇ ಚೀಟಿ ಬೇಡ. 2023ರಿಂದ ಇಡೀ ದೇಶದಲ್ಲಿ ಶೆಲ್ಫ್ ಮೇಲೇ ಇಡುತ್ತಾರೆ. ಆಗ ಎರಡು ಡೋಸ್‌ಗೆ 45 ಡಾಲರ್ ಸುತ್ತಮುತ್ತ ಇತ್ತು. ನಮ್ಮ ರಾಜ್ಯದಲ್ಲಿ ಪ್ರಾಜೆಕ್ಟ್ ಡಾನ್ ಅಂತ ಇದೆ, ಉಚಿತವಾಗಿ ಕೊಡುತ್ತಾರೆ. ಅದು 2012ರಲ್ಲಿ ಶುರುವಾಗಿದ್ದು ಅದೇ ಪೋರ್ಟ್ಸ್‌ಮತ್‌ನಲ್ಲಿ.

ಕೊಲಂಬಸ್ ಕಾಫಿಪುಡಿ:

ನಾನು ನಮ್ಮೂರ ಕನ್ನಡ ಕೂಟದ ಸಮಿತಿಯಲ್ಲಿದ್ದೇನೆ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಇದರ ಬಗ್ಗೆ ಹತ್ತು ನಿಮಿಷ ಇಡೋಣ ಅಂತ ಹೇಳಿದೆ. ಒಬ್ಬರು ಹಿರಿಯರು, "ಹಬ್ಬದ ದಿನ ಇಂಥದ್ದೆಲ್ಲ ಬೇಕಾ? ನಮ್ಮ ಮಕ್ಕಳು ಹಾಗಿಲ್ಲ" ಅಂದರು. ನಾನು ಸುಮ್ನೆ 2022ರ ಮೇ ತಿಂಗಳು ನೆನಪಿಸಿದೆ. ಇಲ್ಲೇ ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ಇಬ್ಬರು ವಿದ್ಯಾರ್ಥಿಗಳು ಸತ್ತರು. ಪರೀಕ್ಷೆ ಸಮಯ. ನಿದ್ದೆ ಬಾರದಿರಲು, ಗಮನ ಇರಲು ಹುಡುಗರು ತೆಗೆದುಕೊಳ್ಳುವ ಆಡೆರಾಲ್ ಮಾತ್ರೆಯ ನಕಲಿ ಊರಲ್ಲಿ ಓಡಾಡುತ್ತಿದೆ, ಅದರಲ್ಲಿ ಫೆಂಟನಿಲ್ ಇದೆ ಅಂತ ಯೂನಿವರ್ಸಿಟಿ ಎಚ್ಚರಿಕೆ ಕಳಿಸಿತ್ತು. ನಮ್ಮ ಮಕ್ಕಳು ಓದುವ ಮಕ್ಕಳು ತಾನೇ? ಓದುವ ಮಕ್ಕಳಿಗೇ ಆ ಮಾತ್ರೆ ಬೇಕಾಗುವುದು.

ಅವರು ಆಮೇಲೆ ಏನೂ ಹೇಳಲಿಲ್ಲ. ಒಪ್ಪಿದರಾ ಗೊತ್ತಿಲ್ಲ.

ಹುಬ್ಬಳ್ಳಿ ಟು ಹ್ಯೂಸ್ಟನ್:

ಹತ್ತು ನಿಮಿಷದಲ್ಲಿ ನನ್ನಂಥವರ ಪರವಾಗಿಯೂ ಅರ್ಧ ನಿಮಿಷ ಇಡಿ. ಮಾತ್ರೆ ತೆಗೆದುಕೊಳ್ಳುವವನೆಲ್ಲ ವ್ಯಸನಿಯಲ್ಲ ಅಂತ. ಮನೆಯಲ್ಲಿ ನನ್ನ ಡಬ್ಬಿಗೆ ಬೀಗ ಇದೆ. ಪಕ್ಕದಲ್ಲೇ ನಾರ್ಕನ್ ಇದೆ. ಹೆಂಡತಿಗೆ ಹಾಕಲು ಬರುತ್ತದೆ.

ಡೇಟನ್ ನರ್ಸಮ್ಮ:

ನಾನು ಬರುತ್ತೇನೆ, ಒಂದೂವರೆ ಗಂಟೆ ದಾರಿ ಅಷ್ಟೇ. ಭಾಷಣ ಬೇಡ. ಗೊಂಬೆ ತರುತ್ತೇನೆ. ತುಟಿ ನೀಲಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಉಸಿರು ಗೊರಗೊರ ಅಥವಾ ಇಲ್ಲವೇ ಇಲ್ಲ. ಇಷ್ಟು ಕಂಡರೆ 911ಗೆ ಫೋನ್. ಒಂದು ಮೂಗಿನ ಹೊಳ್ಳೆಗೆ ಒಂದು ಡೋಸ್. ಬಾಯಿಗೆ ಬಾಯಿಟ್ಟು ಉಸಿರು. ಎರಡು ಮೂರು ನಿಮಿಷ ನೋಡಿ, ಇಲ್ಲದಿದ್ದರೆ ಇನ್ನೊಂದು ಹೊಳ್ಳೆಗೆ. ಎಚ್ಚರವಾದರೂ ಬಿಟ್ಟು ಹೋಗಬಾರದು, ಔಷಧ ಇಳಿದ ಮೇಲೆ ಮತ್ತೆ ಉಸಿರು ನಿಲ್ಲಬಹುದು. ಓಪಿಯಾಯ್ಡ್ ಅಲ್ಲದಿದ್ದರೂ ನಾರ್ಕನ್‌ನಿಂದ ಕೆಡುಕಿಲ್ಲ, ಹೆದರಬೇಡಿ. ಇದನ್ನು ಒಂದು ಸಲ ಕೈಯಾರೆ ಮಾಡಿಸಿದರೆ ಅಜ್ಜಿಯರಿಗೂ ಬರುತ್ತದೆ.

ಮಾತ್ರೆಡಬ್ಬಿ:

ಡಬ್ಬಿಗಳು ನನ್ನ ಕಡೆಯಿಂದ. ಡಾನ್ ಕಾರ್ಯಕ್ರಮದವರ ಹತ್ತಿರ ಮಾತಾಡುತ್ತೇನೆ. ಎಷ್ಟು ಮನೆ ಬರುತ್ತವೆ?

ಕೊಲಂಬಸ್ ಕಾಫಿಪುಡಿ:

ಊಟಕ್ಕೆ ಹೆಸರು ಕೊಟ್ಟಿರುವುದು 140 ಮನೆ. ಮೇಜು ಎಲ್ಲಿ ಹಾಕಲಿ ಅಂತ ಯೋಚಿಸುತ್ತಿದ್ದೇನೆ. ಬಾಗಿಲ ಹತ್ತಿರ ಇಟ್ಟರೆ ಯಾರೂ ನಿಲ್ಲುವುದಿಲ್ಲ.

ದಾವಣಗೆರೆ ಬೆಣ್ಣೆ:

ಬಿಸಿಬೇಳೆ ಬಾತ್ ಸಾಲಿನ ಪಕ್ಕ ಹಾಕಿ. ಅಲ್ಲಿ ಎಲ್ಲರೂ ನಿಲ್ಲುತ್ತಾರೆ.